ಸತ್ತ ವೈನಿಗೊಂದು ಸಹಿ

ಕುಡಿಯದವನಿಗೆ ವೈನಿನ ವಿಷಯ ಏನು ಗೊತ್ತು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕೇಳುವವರು ಸಾಮಾನ್ಯವಾಗಿ ಕುಡಿಯುವವರೇ ಆಗಿರುತ್ತಾರೆ, ಅದೂ ಬಾಟಲಿಯ ಚೀಟಿ ಓದಿಕೊಂಡು ರುಚಿ ಹೇಳುವ ಜಾತಿಯವರು. ದುಬೈ ಕ್ರೀಕಿನ ಪಕ್ಕದ ಒಂದು ಹೋಟೆಲಿನಲ್ಲಿ ನಾನು ಹನ್ನೊಂದು ವರ್ಷ ಸರಕು ಬರಮಾಡಿಕೊಳ್ಳುವ ಗುಮಾಸ್ತನಾಗಿದ್ದೆ. ಟೊಮ್ಯಾಟೊದಿಂದ ಟಿಶ್ಯೂ ಪೇಪರಿನವರೆಗೆ ಒಳಗೆ ಬಂದದ್ದೆಲ್ಲ ನನ್ನ ಮೇಜಿನ ಮುಂದೆಯೇ ಹಾದುಹೋಗಬೇಕಿತ್ತು. ಅಷ್ಟೂ ವರ್ಷಗಳಲ್ಲಿ ವೈನನ್ನು ನಿಜವಾಗಿ ಬಲ್ಲ ಒಬ್ಬನೇ ಒಬ್ಬನನ್ನು ನಾನು ಕಂಡೆ. ಅವನು ಜಯಪಾಲ ಪೂಜಾರಿ, ಉಡುಪಿಯ ಹತ್ತಿರದ ಹಿರಿಯಡ್ಕದವನು. ಜೀವಮಾನದಲ್ಲಿ ಒಂದು ಗುಟುಕು ಕುಡಿದವನಲ್ಲ.

ಅವನ ಅಪ್ಪ ಮೂರ್ತೆ ಕೆಲಸದವರು, ಎಂದರೆ ಮರ ಹತ್ತಿ ಕಳ್ಳು ಇಳಿಸುವವರು. ಆ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಇಳಿಸಿದ ಮಡಕೆಯ ಮೊದಲ ಹನಿ ಮರದ ಬುಡದಲ್ಲಿ ದೈವಕ್ಕೆ ಬೀಳಬೇಕು, ಇಳಿಸಿದವನು ಅದನ್ನು ಬಾಯಿಗೆ ಮುಟ್ಟಿಸುವಂತಿಲ್ಲ. ಹಾಗಾದರೆ ಕಳ್ಳು ಸಿಹಿಯೋ, ಹುಳಿಗೆ ತಿರುಗಿದೆಯೋ, ಮಾರುವುದಕ್ಕೆ ಯೋಗ್ಯವೋ ಎಂದು ತಿಳಿಯುವುದು ಹೇಗೆ? ಮೂಗಿನಿಂದ. ಮರದ ತುದಿಯಲ್ಲಿ ಕೂತೇ ಅಪ್ಪ ಮಡಕೆಗೆ ಮುಖ ಬಗ್ಗಿಸಿ ಒಂದು ಉಸಿರು ಎಳೆದುಕೊಂಡು ತೀರ್ಮಾನ ಹೇಳಿಬಿಡುತ್ತಿದ್ದರಂತೆ. ಜಯಪಾಲನಿಗೆ ಮರ ಹತ್ತುವುದು ಒಲಿಯಲಿಲ್ಲ, ಮೂಗು ಮಾತ್ರ ಅಪ್ಪನದೇ ಬಂತು.

2006ರಲ್ಲಿ ಅವನು ನಮ್ಮ ಹೋಟೆಲಿಗೆ ತಟ್ಟೆ ಎತ್ತುವ ಕೆಲಸಕ್ಕೆ ಬಂದ. ಒಂದು ದಿನ ಗಿರಾಕಿಯೊಬ್ಬ ಇದು ಸರಿಯಿಲ್ಲ ಎಂದು ಬಾಟಲಿಯೊಂದನ್ನು ವಾಪಸು ಕಳಿಸಿದ. ಒಳಗಿದ್ದ ನಾಲ್ಕು ಜನ ಕುಡಿದು ನೋಡಿ ಚೆನ್ನಾಗಿದೆಯಲ್ಲ ಎಂದು ಗಿರಾಕಿಯನ್ನೇ ಆಡಿಕೊಂಡರು. ತಟ್ಟೆ ತೊಳೆಯುತ್ತಿದ್ದ ಜಯಪಾಲ ಬಾಟಲಿಯ ಬಾಯಿಗೆ ಮೂಗು ಹಿಡಿದು, "ಇದರಲ್ಲಿ ಒದ್ದೆ ಗೋಣಿಯ ವಾಸನೆ ಉಂಟು, ಮುಚ್ಚಳದ ಬೆಂಡು ಕೆಟ್ಟಿದೆ" ಅಂದ. ಆಗಿನ ಮ್ಯಾನೇಜರಿಗೆ ತಲೆ ಇತ್ತು. ಮಾರನೆಯ ವಾರವೇ ಅವನನ್ನು ನೆಲಮಾಳಿಗೆಯ ವೈನ್ ಉಗ್ರಾಣಕ್ಕೆ ಹಾಕಿದರು. ಕಾಗದದಲ್ಲಿ ಮಾತ್ರ ಅವನು ಹೆಲ್ಪರ್ ಆಗಿಯೇ ಉಳಿದ.

ಅವನು ಕೆಲಸ ಮಾಡುವುದನ್ನು ನೋಡಲೆಂದೇ ನಾನು ಕೆಲವೊಮ್ಮೆ ಕೆಳಗೆ ಇಳಿಯುತ್ತಿದ್ದೆ. ಹೊಸ ಸರಕು ಬಂದರೆ ಅದರಲ್ಲೊಂದು ಬಾಟಲಿ ತೆಗೆಯುತ್ತಿದ್ದ. ಮೊದಲ ಹನಿಯನ್ನು ಮೂಲೆಯ ನೀರು ಹೋಗುವ ಜಾಲರಿಗೆ ಬಿಡುತ್ತಿದ್ದ. ಆಮೇಲೆ ಲೋಟಕ್ಕೆ ಎರಡು ಬೆರಳಿನಷ್ಟು ಹಾಕಿ, ಕಣ್ಣು ಮುಚ್ಚಿ ಮೂಸಿ, ಲೋಟ ಕೆಳಗಿಡುತ್ತಿದ್ದ. ನಂತರ ಸರಕಿನ ಹಾಳೆಯಲ್ಲಿ ಉಗ್ರಾಣದವರ ಜಾಗದಲ್ಲಿ ದುಂಡಗೆ ಕನ್ನಡದಲ್ಲಿ ಸಹಿ ಹಾಕುತ್ತಿದ್ದ. ಅವನ ಸಹಿ ಬಿದ್ದ ಮಾಲಿನ ಬಗ್ಗೆ ಎಂಟು ವರ್ಷದಲ್ಲಿ ಒಂದೇ ಒಂದು ದೂರು ಬರಲಿಲ್ಲ.

ಎಲ್ಲ ವೈನುಗಳಲ್ಲೂ ಅವನಿಗೆ ಒಂದರ ಮೇಲೆ ಹೆಚ್ಚು ಪ್ರೀತಿ. ಅದು ವೆರ್ಡಿಕ್ಕಿಯೋ. ಇಟಲಿಯ ಪೂರ್ವ ಕರಾವಳಿಯಲ್ಲಿ ಮಾರ್ಕೆ ಎಂಬ ಸೀಮೆಯಿದೆ. ಸಮುದ್ರಕ್ಕೂ ಬೆಟ್ಟಸಾಲಿಗೂ ನಡುವಿನ ಆ ದಿಣ್ಣೆಗಳಲ್ಲಿ ನೂರಾರು ವರ್ಷಗಳಿಂದ ಬೆಳೆಯುತ್ತಾ ಬಂದ ಬಿಳಿ ದ್ರಾಕ್ಷಿಯ ತಳಿ ಅದು. ಅದರ ರಸಕ್ಕೆ ತುಸು ಹಸಿರು ಛಾಯೆ. ಹೆಸರುವಾಸಿ ಫ್ರೆಂಚ್ ವೈನುಗಳ ಮುಂದೆ ಅದನ್ನು ಕೇಳುವವರಿಲ್ಲ.

"ಶಾಮಣ್ಣ, ಇದು ಡೌಲು ಮಾಡುದಿಲ್ಲ ಮಾರಾಯ್ರೆ" ಅನ್ನುತ್ತಿದ್ದ. "ಮೊದಲು ನಿಂಬೆ ಎಲೆ ಹಿಸುಕಿದ ಪರಿಮಳ. ಸ್ವಲ್ಪ ಹೊತ್ತು ಬಿಡಿ, ಹಿಂದಿನಿಂದ ಕಹಿ ಬಾದಾಮಿ ಬರ್ತದೆ. ಎಂತ ಮರ್ಯಾದಸ್ಥ ದ್ರಾಕ್ಷಿ ಇದು!"

ನನಗೆ ನಿಂಬೆಯೂ ಬರುತ್ತಿರಲಿಲ್ಲ, ಬಾದಾಮಿಯೂ ಬರುತ್ತಿರಲಿಲ್ಲ. ಮೈಸೂರಿನವನಾದ ನನ್ನ ಮೂಗಿಗೆ ಕಾಫಿ ಪುಡಿಯ ಆಚೆ ಏನೂ ತಿಳಿಯದು. ಆದರೂ ಹೌದು ಹೌದು ಎನ್ನುತ್ತಿದ್ದೆ.

2014ರಲ್ಲಿ ಹೋಟೆಲಿನ ಇಟಾಲಿಯನ್ ರೆಸ್ಟೋರೆಂಟಿಗೆ ವೈನ್ ಸೂಪರ್‌ವೈಸರ್ ಬೇಕಾಯಿತು. ಎಲ್ಲರ ಬಾಯಲ್ಲೂ ಜಯಪಾಲನದೇ ಹೆಸರು. ಅವನಿಗೆ ಅದು ಬರೀ ಬ್ಯಾಡ್ಜಿನ ಮಾತಾಗಿರಲಿಲ್ಲ. ಹೆಲ್ಪರ್ ಎಂದು ವೀಸಾದಲ್ಲಿ ಬರೆಸಿಕೊಂಡವನು ಹೆಂಡತಿಯನ್ನು ಕರೆಸಿಕೊಳ್ಳುವಂತಿರಲಿಲ್ಲ, ಸೂಪರ್‌ವೈಸರ್ ಆದರೆ ಕರೆಸಿಕೊಳ್ಳಬಹುದಿತ್ತು. ಮದುವೆಯಾಗಿ ಒಂಬತ್ತು ವರ್ಷ, ಅದರಲ್ಲಿ ಅವನು ಹೆಂಡತಿ ಅಕ್ಕುವಿನ ಜೊತೆ ಇದ್ದದ್ದು ಒಟ್ಟು ಹತ್ತು ತಿಂಗಳು. ಆಗಸ್ಟಿನಲ್ಲೇ ಅವನು ಅಲ್ ನಹ್ದಾದ ನಮ್ಮ ಕಟ್ಟಡದಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗುತ್ತದೆಯೇ ಎಂದು ವಾಚ್‌ಮ್ಯಾನನ್ನು ವಿಚಾರಿಸಿ ಹೋಗಿದ್ದ. ನನ್ನ ಹೆಂಡತಿ ಇಂದ್ರಾಣಿ ಅಕ್ಕುವಿಗೆಂದು ಹಳೆಯ ಮಿಕ್ಸಿಯೊಂದನ್ನು ಒರೆಸಿ ತೆಗೆದಿಟ್ಟಿದ್ದಳು.

ಇಲ್ಲಿ ಪೃಥ್ವಿರಾಜನ ವಿಷಯ ಹೇಳಬೇಕು. ಹೇಳುವಾಗ ನನ್ನ ರಕ್ತದೊತ್ತಡ ಏರುತ್ತದೆ, ಆದರೂ ಹೇಳುತ್ತೇನೆ. ಊಟ ಮತ್ತು ಪಾನೀಯ ವಿಭಾಗಕ್ಕೆ ಆ ವರ್ಷ ಹೊಸ ಮ್ಯಾನೇಜರಾಗಿ ಬಂದವನು ಅವನು. ಮಂಗಳೂರಿನವನೇ. ಶಾರ್ಜಾದಲ್ಲಿ ತುಳುವರ ಕೂಟ ನಡೆದರೆ ವೇದಿಕೆ ಹತ್ತಿ ತಾಯಿನುಡಿಯ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದ. ಹೋಟೆಲಿನೊಳಗೆ ಜಯಪಾಲ ತುಳುವಿನಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರ. ಯಾರಾದರೂ ಕೇಳಿಸಿಕೊಂಡಾರು ಎಂಬ ಭಯ ಇರಬೇಕು.

ಅಕ್ಟೋಬರಿನಲ್ಲಿ ಅವನು ಒಂದು ದೊಡ್ಡ ಇಟಾಲಿಯನ್ ಔತಣ ಇಟ್ಟುಕೊಂಡ. ಶುಕ್ರವಾರ ಮಧ್ಯಾಹ್ನದ ಬ್ರಂಚ್, ಅರವತ್ತು ಜನ ಗಣ್ಯರು. ಮುಖ್ಯ ಅತಿಥಿ ಬೆಟ್ಟಿ ಎಂಬ ಹೆಂಗಸು, ಮಾರ್ಕೆಯಲ್ಲಿ ತಾನೇ ವೆರ್ಡಿಕ್ಕಿಯೋ ಬೆಳೆದು ತಾನೇ ವೈನು ಮಾಡುವವರು. ಅವರ ತೋಟದ ನಲವತ್ತು ಪೆಟ್ಟಿಗೆ ಆಗಸ್ಟ್ ಕೊನೆಗೆ ನನ್ನ ಮೇಜಿನ ಮುಂದೆ ಬಂದು ಇಳಿದವು.

ಜಯಪಾಲ ಒಂದು ಬಾಟಲಿ ತೆಗೆದ. ಹನಿ ಬಿಟ್ಟ, ಮೂಸಿದ. ಇನ್ನೊಂದು ಪೆಟ್ಟಿಗೆಯಿಂದ ಇನ್ನೊಂದು ತೆಗೆದು ಮೂಸಿದ. ಹೀಗೆ ಐದು.

"ಇದು ಸತ್ತಿದೆ ಶಾಮಣ್ಣ" ಅಂದ. "ನಿಂಬೆ ಎಲೆ ಇಲ್ಲವೇ ಇಲ್ಲ. ಬೆಂದ ಸೇಬಿನ ವಾಸನೆ. ಬೆಂಡು ನೋಡಿ, ಎಲ್ಲದರದ್ದೂ ಕೂದಲೆಳೆಯಷ್ಟು ಮೇಲೆ ಬಂದಿದೆ. ಯಾರೋ ಇದನ್ನು ಬಿಸಿಲಲ್ಲಿ ಬೇಯಿಸಿದ್ದಾರೆ."

ಸರಕು ತಂದ ವ್ಯಾನಿನ ಡ್ರೈವರ್ ಆಲ್ಫೋನ್ಸ್, ಬಜ್ಪೆಯವನು, ನನಗೆ ಪರಿಚಯದವನು. ಫೋನ್ ಮಾಡಿ ಕೇಳಿದೆ.

"ಎಸಿ ಹಾಳಾಯ್ತು ಸರ್" ಅಂದ ಆಲ್ಫೋನ್ಸ್. "ರಾಸ್ ಅಲ್ ಖೋರಿನ ಗ್ಯಾರೇಜಲ್ಲಿ ಗಾಡಿ ಎರಡು ದಿನ ನಿಂತಿತ್ತು. ಮಾಲು ಒಳಗೇ ಇತ್ತು. ನಾನು ಹೇಳಿದ್ದು ಅಂತ ಮಾತ್ರ ಹೇಳ್ಬೇಡಿ ಸರ್, ಗೊತ್ತಾದ್ರೆ ನಾನು ಖಲಾಸ್."

ಆಗಸ್ಟ್ ತಿಂಗಳು, ದುಬೈ, ಮುಚ್ಚಿದ ತಗಡಿನ ವ್ಯಾನು, ಎರಡು ದಿನ. ಇದನ್ನು ತಿಳಿಯುವುದಕ್ಕೆ ಮೂಗೂ ಬೇಡ. ನಾವಿಬ್ಬರೂ ಪೃಥ್ವಿರಾಜನ ಕೋಣೆಗೆ ಹೋದೆವು. ಅವನು ಲೋಟವನ್ನು ಗರಗರ ತಿರುಗಿಸಿ, ಒಂದು ಗುಟುಕು ಕುಡಿದು, ತುಟಿ ಚಪ್ಪರಿಸಿದ.

"ಫೈನ್ ಇದೆಯಲ್ಲ! ರಿಚ್ ಆಗಿದೆ."

"ಸರ್, ಇದು ರಿಚ್ ಅಲ್ಲ, ಬೆಂದದ್ದು" ಅಂದ ಜಯಪಾಲ. "ವಾಪಸು ಕಳಿಸಿದ್ರೆ ಅವರು ಬೇರೆ ಕೊಡ್ತಾರೆ. ಆರು ವಾರ ಟೈಮ್ ಉಂಟು."

"ಇನ್ವಿಟೇಶನ್ ಹೋಗಿದೆ. ಈಗ ಸಪ್ಲೈಯರ್ ಜೊತೆ ಜಗಳ ಆಡ್ತಾ ಕೂತ್ಕೊಳ್ಲಾ? ಅಷ್ಟಕ್ಕೂ ನೀನು ಕುಡಿಯೋನೇ ಅಲ್ಲ, ನಿಂಗೇನು ಗೊತ್ತು? ಇದು ನಿನ್ನಪ್ಪನ ಕಳ್ಳಿನ ಮಡಕೆ ಅಲ್ಲ ಜಯಪಾಲ."

ಆ ಮಾತನ್ನು ಅವನು ನನಗೆ ಬಾರದ ತುಳುವಿನಲ್ಲಿ ಹೇಳಲಿಲ್ಲ, ಕನ್ನಡದಲ್ಲಿ ಹೇಳಿದ, ನನಗೂ ಅರ್ಥವಾಗಲಿ ಎಂದು. ಇಟಲಿಯವರು ಅಜ್ಜನ ಕಾಲದಿಂದ ದ್ರಾಕ್ಷಿ ಹಿಂಡಿದರೆ ಅದು ಪರಂಪರೆ, ಅದಕ್ಕೆ ಅರವತ್ತು ಜನ ಗಣ್ಯರನ್ನು ಕರೆದು ಕೈ ಚಪ್ಪಾಳೆ. ಹಿರಿಯಡ್ಕದವನು ಅಜ್ಜನ ಕಾಲದಿಂದ ಕಳ್ಳು ಇಳಿಸಿದರೆ ಅದು ಬೈಗುಳ. ಎಂಥ ನ್ಯಾಯ ಇದು? ನನಗೆ ಪೃಥ್ವಿರಾಜನ ಕೈಯಲ್ಲಿದ್ದ ಲೋಟವನ್ನು ಅವನ ಟೈ ಮೇಲೆ ಚೆಲ್ಲಬೇಕೆನಿಸಿತು. ಚೆಲ್ಲಲಿಲ್ಲ.

ಜಯಪಾಲ ಒಂದೇ ಮಾತು ಹೇಳಿದ. "ನಾನು ಸಹಿ ಹಾಕುದಿಲ್ಲ ಸರ್."

ಮಾರನೆಯ ದಿನವೇ ಅವನನ್ನು ನೆಲಮಾಳಿಗೆಯಿಂದ ಎತ್ತಿ ನೌಕರರ ಕ್ಯಾಂಟೀನಿನ ಅಕ್ಕಿ ಬೇಳೆ ಕೋಣೆಗೆ ಹಾಕಿದರು. ಸೂಪರ್‌ವೈಸರ್ ವಿಷಯ ಪರಿಶೀಲನೆಯಲ್ಲಿದೆ ಎಂದರು.

ಸರಕಿನ ಹಾಳೆ ಮಾತ್ರ ನನ್ನ ಮೇಜಿನ ಮೇಲೆ ಉಳಿಯಿತು, ಉಗ್ರಾಣದವರ ಜಾಗ ಖಾಲಿ. ಮಾಲು ಬಂದ ದಿನ ಅಲ್ಲಿದ್ದವನ ಸಹಿಯೇ ಇಲ್ಲದೆ ಹಾಳೆ ಮುಂದೆ ಹೋಗದು. ಪೃಥ್ವಿರಾಜ ಬಂದು ನನ್ನ ಮೇಜಿಗೆ ಒರಗಿ ನಿಂತ.

"ಶಾಮಸುಂದರ್, ಇದನ್ನ ಇವತ್ತೇ ಕ್ಲೋಸ್ ಮಾಡಿ. ಹೇಗೆ ಅಂತ ನಂಗೆ ಗೊತ್ತಾಗ್ಬೇಕಾಗಿಲ್ಲ. ಅಂದಹಾಗೆ ನಿಮ್ಮ ವೀಸಾ ರಿನ್ಯೂವಲ್ ಅಕ್ಟೋಬರಲ್ಲಿ ಅಲ್ವಾ?"

ನನ್ನ ಪಾಸ್‌ಪೋರ್ಟು ಆಗ ಆಫೀಸಿನಲ್ಲಿತ್ತು. ನನ್ನ ವೀಸಾ ಹೋದರೆ ಇಂದ್ರಾಣಿಯದೂ ಹೋಗುತ್ತದೆ, ಐದನೆಯ ಕ್ಲಾಸಿನ ಮಗಳು ನಿಸರ್ಗಳದೂ ಹೋಗುತ್ತದೆ. ನಲವತ್ತು ದೇಶದ ಜನ ದುಡಿಯುವ ಆ ಹೋಟೆಲಿನಲ್ಲಿ ಕನ್ನಡ ಬರೆಯಬಲ್ಲ ಕೈಗಳು ಎರಡೇ, ಜಯಪಾಲನದು ಮತ್ತು ನನ್ನದು. ಕಾನ್ವೆಂಟಿನಲ್ಲಿ ಓದಿದ ಪೃಥ್ವಿರಾಜನಿಗೆ ಅಕ್ಷರ ಬಾರದು. ನಾನು ಪೆನ್ನು ತೆಗೆದುಕೊಂಡು ಖಾಲಿ ಜಾಗದಲ್ಲಿ ದುಂಡಗೆ 'ಜಯಪಾಲ' ಎಂದು ಬರೆದೆ.

ಔತಣದ ಶುಕ್ರವಾರ ಬಂತು. ಮೊದಲು ನಡೆದದ್ದು ನನಗೆ ಬಡಿಸುವ ಹುಡುಗರು ಆಮೇಲೆ ಹೇಳಿದ್ದು. ಬೆಟ್ಟಿ ಅರವತ್ತರ ಹತ್ತಿರದ ಹೆಂಗಸು, ತೋಟದ ಕೆಲಸದಿಂದ ಒರಟಾದ ಕೈಗಳು. ತಮ್ಮ ದ್ರಾಕ್ಷಿಯ ಬಗ್ಗೆ ನಾಲ್ಕು ಮಾತಾಡಿ, ಲೋಟ ಎತ್ತಿ ಮೂಗಿನ ಹತ್ತಿರ ತಂದರು. ತಂದವರು ಕುಡಿಯಲಿಲ್ಲ. ಲೋಟವನ್ನು ಹಾಗೇ ಕೆಳಗಿಟ್ಟರು. ಬೇರೆ ಬಾಟಲಿ ತರಿಸಿದರು, ಮೂಸಿದರು, ಕೆಳಗಿಟ್ಟರು. ಮೂರನೆಯದೂ ಹಾಗೇ ಆಯಿತು. ಅರವತ್ತು ಜನರೂ ಎತ್ತಿದ ಲೋಟ ಏನು ಮಾಡಬೇಕೆಂದು ತಿಳಿಯದೆ ಕೂತರು.

"ಇದನ್ನು ಒಳಗೆ ಬಿಟ್ಟುಕೊಂಡವರು ಯಾರು?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

ಪೃಥ್ವಿರಾಜ ನನಗೆ ಫೋನ್ ಮಾಡಿಸಿ ಹಾಳೆ ತರಿಸಿದ. ಕ್ಯಾಂಟೀನಿನಿಂದ ಜಯಪಾಲನನ್ನೂ ಕರೆಸಿದ. ಎಷ್ಟು ಸಲೀಸಾಗಿ ಇನ್ನೊಬ್ಬನ ತಲೆಯ ಮೇಲೆ ಗೂಬೆ ಕೂರಿಸಿದ ಎಂದರೆ, ಮೊದಲೇ ಯೋಚಿಸಿಟ್ಟುಕೊಂಡಿದ್ದನೋ ಏನೋ. ಜಯಪಾಲ ಬೇಳೆ ಧೂಳು ಹತ್ತಿದ ಏಪ್ರನ್ನಿನಲ್ಲೇ ಬಂದು ನಿಂತ.

"ನಮ್ಮ ಉಗ್ರಾಣದ ಮನುಷ್ಯ ಇವನು" ಅಂದ ಪೃಥ್ವಿರಾಜ. "ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟವನು ಇವನೇ. ಇಂಥ ಅಸಡ್ಡೆಗೇ ಇವನನ್ನು ಅಲ್ಲಿಂದ ತೆಗೆದಿದ್ದೇವೆ."

ಬೆಟ್ಟಿ ಜಯಪಾಲನ ಕಡೆ ತಿರುಗಿದರು. "ನೀನು ಇದನ್ನು ಮೂಸಿ ನೋಡಿದ್ದೆಯಾ?"

"ನೋಡಿದ್ದೆ ಮೇಡಂ."

"ನೋಡಿಯೂ ಸಹಿ ಹಾಕಿದೆಯಾ?"

"ಇಲ್ಲ ಮೇಡಂ. ಬೇಡ ಅಂತ ಹೇಳಿದೆ. ಸಹಿ ಹಾಕಲಿಲ್ಲ."

ಪೃಥ್ವಿರಾಜ ನಕ್ಕು ನನ್ನ ಕೈಯಿಂದ ಹಾಳೆ ಕಸಿದು ಮುಂದೆ ಹಿಡಿದ. ಜಯಪಾಲ ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನಿಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ, ಅವನ ಹೆಸರನ್ನು ಆ ಲಿಪಿಯಲ್ಲಿ ಬರೆಯಬಲ್ಲವನು ಎದುರಿಗೇ ನಿಂತಿದ್ದ.

"ಇದು ನನ್ನ ಕೈ ಅಲ್ಲ ಮೇಡಂ" ಎಂದಷ್ಟೇ ಅಂದ. ಯಾರದು ಎಂದು ಹೇಳಲಿಲ್ಲ.

ನಾನು ಹೇಳಬೇಕಿತ್ತು. ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ, ಬಾಯಿ ಇತ್ತು, ಭಾಷೆಯೂ ಬರುತ್ತಿತ್ತು. ಬೆಟ್ಟಿ ಜಯಪಾಲನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೆಟ್ಟದ್ದನ್ನು ಗೊತ್ತಾಗದೆ ಬಿಟ್ಟವನನ್ನು ಕ್ಷಮಿಸಬಹುದು. ಗೊತ್ತಿದ್ದೂ ಬಿಟ್ಟು, ಮೇಲೆ ಸುಳ್ಳು ಹೇಳುವವನನ್ನು ನನ್ನ ತೋಟದ ಹತ್ತಿರವೂ ಸೇರಿಸುವುದಿಲ್ಲ" ಎಂದು ಎದ್ದು ಹೋದರು. ಮಾರನೆಯ ಬೆಳಿಗ್ಗೆ ಅವರ ವಿಮಾನ.

ಆ ಶನಿವಾರ ಇಂದ್ರಾಣಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ, ಮಿಕ್ಸಿ ಇಟ್ಟಿದ್ದ ಕಪಾಟನ್ನು ಒಮ್ಮೆ ನೋಡಿದಳು. ಭಾನುವಾರ ಆಫೀಸು ತೆರೆದ ಕೂಡಲೇ ವಿಚಾರಣೆ ಇತ್ತು. ಸಿಬ್ಬಂದಿ ವಿಭಾಗದ ನ್ಯಾನ್ಸಿ, ಫಿಲಿಪೀನ್ಸಿನ ಹೆಂಗಸು, ಹಾಳೆಯನ್ನು ಮೇಜಿನ ಮೇಲಿಟ್ಟು ನನ್ನನ್ನೂ ಕರೆದಳು. ಜಯಪಾಲ ಅಲ್ಲೇ ಕೂತಿದ್ದ. ನಾನು ಒಳಗೆ ಹೋಗಿ ಕುರ್ಚಿಯಲ್ಲಿ ಕೂರುವ ಮೊದಲೇ, "ಈ ಸಹಿ ನನ್ನದು" ಅಂದುಬಿಟ್ಟೆ. ವ್ಯಾನಿನ ಕಥೆಯನ್ನೂ ಹೇಳಿದೆ, ಆಲ್ಫೋನ್ಸನ ಹೆಸರು ಬಿಟ್ಟು. ಪೃಥ್ವಿರಾಜ ನನ್ನ ಮೇಜಿಗೆ ಒರಗಿ ನಿಂತು ಹೇಳಿದ್ದನ್ನೂ ಹೇಳಿದೆ.

ನನಗೇನಾಯಿತು ಗೊತ್ತೇ? ಒಂದು ಎಚ್ಚರಿಕೆಯ ಪತ್ರ. ಅಷ್ಟೇ. ಹತ್ತು ದಿನಕ್ಕೆ ವೀಸಾ ಅಂಟಿಸಿದ ಪಾಸ್‌ಪೋರ್ಟು ಕೈಗೆ ಬಂತು. ಯಾವುದಕ್ಕೆ ಹೆದರಿ ಒಬ್ಬ ಮನುಷ್ಯನ ಹೆಸರನ್ನು ಹಾಳು ಮಾಡಿದೆನೋ ಆ ಭಯ ಪೂರ್ತಿ ಟೊಳ್ಳಾಗಿತ್ತು. ಪೃಥ್ವಿರಾಜನಿಗೆ ಅದೂ ಆಗಲಿಲ್ಲ. ತಾನು ಹಾಳೆ ಮುಗಿಸಿ ಎಂದದ್ದು ಹೌದು, ಕಳ್ಳ ಸಹಿ ಹಾಕಿ ಎನ್ನಲಿಲ್ಲ ಎಂದು ಕೈ ತೊಳೆದುಕೊಂಡ.

ಜಯಪಾಲನ ವಿಷಯದಲ್ಲಿ ಹೋಟೆಲು ಒಳ್ಳೆಯದನ್ನೇ ಮಾಡಿತು ಎಂದು ಹೇಳುವವರಿದ್ದಾರೆ. ತಪ್ಪಿಲ್ಲ ಎಂದು ಬರೆದು, ಸೂಪರ್‌ವೈಸರ್ ಕೆಲಸವನ್ನೂ ಕೊಟ್ಟರು. ಹೆಸರು ಕೊರೆದ ಬ್ಯಾಡ್ಜ್ ಬಂತು. ಪೃಥ್ವಿರಾಜನೇ ಅದನ್ನು ಮೇಜಿನ ಮೇಲೆ ಸರಿಸಿ ಕೈ ಚಾಚಿದ. ನ್ಯಾನ್ಸಿಯೂ ನಾನೂ ಪಕ್ಕದಲ್ಲಿದ್ದೆವು.

ಜಯಪಾಲ ಕೈ ಕೊಡಲಿಲ್ಲ. "ಸರ್, ಆ ಮೇಡಮ್ಮಿಗೆ ಒಂದು ಕಾಗದ ಬರೀಬೇಕು. ನಾನು ಮಾಲು ಬೇಡ ಅಂದಿದ್ದೆ, ಸಹಿ ನನ್ನದಲ್ಲ ಅಂತ. ಹೋಟೆಲಿನ ಹೆಸರಲ್ಲಿ."

"ಅದು ಆಗೋದಿಲ್ಲ. ಗೊತ್ತಿದ್ದೂ ಸರ್ವ್ ಮಾಡಿದ್ವಿ ಅಂತ ನಾವೇ ಬರೆದು ಕೊಡೋದಾ? ಅವಳು ಹೋಗಿಯಾಯ್ತು. ಇನ್ನು ಈ ಜನ್ಮದಲ್ಲಿ ನಿನ್ನ ಮುಖ ನೋಡ್ತಾಳಾ? ಪೋಸ್ಟ್ ಸಿಕ್ತು, ಹೆಂಡತಿ ಬರ್ತಾಳೆ. ಖಲಾಸ್, ಬಿಟ್ಹಾಕು."

"ಖಲಾಸ್ ನಿಮಗೆ" ಅಂದ ಜಯಪಾಲ. ಎಂಟು ವರ್ಷದಲ್ಲಿ ಅವನ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನನ್ನ ಅಪ್ಪನ ಮಡಕೆ ಅಂದ್ರಲ್ಲ ಸರ್. ಹೇಳ್ತೇನೆ ಕೇಳಿ. ಒಂದು ದಿನ ಮಡಕೆ ಕೆಟ್ಟದ್ದು ಗೊತ್ತಾಗದೆ ಹೋದ್ರೆ, ಅಪ್ಪ ಕೊಂಡವರ ಮನೆಮನೆಗೆ ನಡೆದುಹೋಗಿ ತಪ್ಪಾಯ್ತು ಅಂತ ಹೇಳಿ ಬರ್ತಿದ್ರು. ಮಳೆ ಬಂದ್ರೂ ಹೋಗ್ತಿದ್ರು. ಆ ಹೆಂಗಸು ಬೆಳೆದ ದ್ರಾಕ್ಷಿಗೆ ನಾನು ಮೋಸ ಮಾಡಿದೆ, ಮೇಲೆ ಸುಳ್ಳು ಹೇಳಿದೆ ಅಂತ ಅವರು ತಿಳ್ಕೊಂಡಿದ್ದಾರೆ. ಅಕ್ಕು ಇಲ್ಲಿಗೆ ಬಂದು ಯಾರ ಹೆಂಡತಿ ಅಂತ ಹೇಳಿಕೊಳ್ಬೇಕು?"

ಬ್ಯಾಡ್ಜನ್ನು ಅವನು ಮುಟ್ಟಲಿಲ್ಲ. ಕಾಗದ ಹೋದ ದಿನ ಬಂದು ತೆಗೆದುಕೊಳ್ಳುತ್ತೇನೆ ಎಂದು ಅಕ್ಕಿ ಬೇಳೆಯ ಕೋಣೆಗೆ ಇಳಿದುಹೋದ. ಕಾಗದ ಹೋಗಲಿಲ್ಲ. ಡಿಸೆಂಬರಿನವರೆಗೆ ಕಾದು ವೀಸಾ ರದ್ದು ಮಾಡಿಸಿ ಊರಿಗೆ ಹೊರಟ. ನಾನು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ನನ್ನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. "ಉಂಟು" ಅಂದ, ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದ. ಅವನ ಜಾಗಕ್ಕೆ ಕೋಟಿಗೆ ದ್ರಾಕ್ಷಿಗೊಂಚಲಿನ ಪಿನ್ನು ಚುಚ್ಚಿಕೊಂಡವನೊಬ್ಬ ಬಂದ. ಚೆನ್ನಾಗಿ ಕುಡಿಯುತ್ತಿದ್ದ.

ನಿಲ್ದಾಣದಿಂದ ಮನೆಗೆ ಬಂದವನು ಊಟಕ್ಕೆ ಕೂತರೂ ಸುಮ್ಮನಾಗಲಿಲ್ಲ. ಪೃಥ್ವಿರಾಜನಿಗೆ ಬೈದೆ, ಸಪ್ಲೈಯರಿಗೆ ಬೈದೆ, ಇಡೀ ಹೋಟೆಲಿಗೆ ಬೈದೆ. ಒಂದು ಕಾಗದ, ಬರೀ ಒಂದು ಪುಟದ ಕಾಗದ, ಅದನ್ನು ಬರೆಯುವ ಮಾನ ಮರ್ಯಾದೆ ಆ ಕಟ್ಟಡದಲ್ಲಿ ಒಬ್ಬನಿಗೂ ಇಲ್ಲದೆ ಹೋಯಿತಲ್ಲ ಎಂದು ಮೇಜು ಕುಟ್ಟಿದೆ. ನಿಸರ್ಗ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಇಂದ್ರಾಣಿ ನನ್ನ ತಟ್ಟೆಗೆ ಸಾರು ಬಡಿಸುತ್ತಾ ಕೇಳಿದಳು.

"ಅಲ್ಲಾ ರೀ, ಆ ಕಾಗದಾನ ಹೋಟ್ಲಿನವರೇ ಬರೀಬೇಕಾ? ಆಕೆ ವಿಳಾಸ ಬಾಟ್ಲಿ ಮೇಲೇ ಇರತ್ತಲ್ಲ. ಸಹಿ ಹಾಕಿದ್ದು ನೀವು ತಾನೇ?"

ಆಗ ನನಗೆ ಅವಳ ಮೇಲೂ ಸಿಟ್ಟು ಬಂತು.